ಬರೆಯುವ ಬೆರಳಿನ ದಡ್ಡು

ಬಲಗೈಯಿಂದ ಬರೆಯುವ ಯಾವ ವಿದ್ಯಾರ್ಥಿಯಾದರೂ ತನ್ನ ನಡುಬೆರಳಿನ ತುದಿಯ ಗಿಣ್ಣಿನ ಬಳಿ, ತೋರುಬೆರಳಿನ ಕಡೆಗಿರುವ ಮಗ್ಗುಲನ್ನು ಇನ್ನೊಂದು ಕೈಯಿಂದ ಸವರಿ ನೋಡಿದರೆ ಅಲ್ಲಿ ಸಣ್ಣದೊಂದು ಉಬ್ಬು ಸಿಗುವುದುಂಟು. ಕೆಲವರಲ್ಲಿ ಅದು ನುಣುಪಾದ, ಕೊಂಚ ಹಳದಿ ಛಾಯೆಯ ದಪ್ಪ ತೊಗಲು ಮಾತ್ರ. ಕೆಲವರಲ್ಲಿ ತೊಗರಿ ಕಾಳಿನಷ್ಟು ಗಟ್ಟಿಯಾದ ಗಂಟು. ಎಡಗೈಯವರಲ್ಲಿ ಅದೇ ಗುರುತು ಎಡಗೈಯ ನಡುಬೆರಳಿನ ಮೇಲಿರುತ್ತದೆ. ವರ್ಷದ ಹೆಚ್ಚಿನ ಕಾಲ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರೀಕ್ಷೆ ಸಮೀಪಿಸಿ ದಿನಕ್ಕೆ ಮೂರು ನಾಲ್ಕು ತಾಸು ಬರೆಯಬೇಕಾದಾಗ ಮಾತ್ರ ಅದು ನೋಯತೊಡಗುತ್ತದೆ. ಆಗ ವಿದ್ಯಾರ್ಥಿಯ ಕೈ ಮೊದಲು ಹೋಗುವುದು ಬ್ಲೇಡಿನ ಕಡೆಗೆ. ಅದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಈ ಗಂಟಿನ ಹೆಸರುಗಳನ್ನು ಗಮನಿಸುವುದು ಒಳ್ಳೆಯದು. ಕನ್ನಡದಲ್ಲಿ ಇದನ್ನು ದಡ್ಡು ಎನ್ನುವರು, ಜಡ್ಡು ಎಂದೂ ಎನ್ನುವರು. ತೊಗಲು ಜಡ್ಡುಗಟ್ಟಿತು ಎಂಬ ಮಾತು ರೂಢಿಯಲ್ಲಿದೆ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರಗಳ ಆಡುಮಾತಿನಲ್ಲಿ ಜಡ್ಡು ಎಂದರೆ ಬೇನೆ. ಒಬ್ಬನು ಜಡ್ಡಿಗೆ ಬಿದ್ದ ಎಂದರೆ ಹಾಸಿಗೆ ಹಿಡಿದ ಎಂದರ್ಥ. ಮರಾಠಿ ಇದನ್ನು ಘಟ್ಟಾ ಎನ್ನುತ್ತದೆ. ಕಾಲಿನ ಆಣಿಗೆ ಮರಾಠಿಯಲ್ಲಿ ಕುರೂಪ ಎಂಬ ಬೇರೊಂದು ಹೆಸರಿದ್ದು, ಕನ್ನಡ ಮನೆಯಿಂದ ಮರಾಠಿ ಶಾಲೆಗೆ ಹೋದ ಮಗು ಆ ಮಾತನ್ನು ಮೊದಲ ಸಲ ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಸಂಸ್ಕೃತದಲ್ಲಿ ಇದು ಕಿಣ. ಬಿಲ್ಲಿನ ಹೆದೆ ತೀಡಿ ತೋಳಿನ ಮೇಲೆ ಬಿದ್ದ ಗುರುತಿಗೆ ಕವಿಗಳು ಈ ಶಬ್ದವನ್ನು ಬಳಸಿದ್ದಾರೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ತೋಳಿಗೆ ಅದೇ ಭೂಷಣ. ವ್ಯಾಸಭಾರತದ ವಿರಾಟಪರ್ವದಲ್ಲಿ ಬೃಹನ್ನಳೆಯಾಗಿ ಅಡಗಲು ಹೊರಟ ಅರ್ಜುನನಿಗೆ ಇದೇ ತೊಡಕು: ವೇಷವನ್ನು ಬದಲಿಸಬಹುದು, ಹೆದೆಯ ಗುರುತನ್ನು ಬದಲಿಸಲಾಗದು. ಅದನ್ನು ಮುಚ್ಚಲೆಂದೇ ಅವನು ಬಳೆ ತೊಡುತ್ತಾನೆ. ಒಂದೇ ವಸ್ತು ಒಂದೆಡೆ ಬೇನೆ, ಇನ್ನೊಂದೆಡೆ ಭೂಷಣ. ಇವೆರಡರಲ್ಲಿ ಯಾವುದು ಎಂಬುದನ್ನು ನಿಘಂಟು ಹೇಳಲಾರದು, ಚರ್ಮ ಹೇಳುತ್ತದೆ.

ಚರ್ಮದ ಹೊರಪದರಿನ ಬುಡದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೇಲಕ್ಕೆ ಸರಿಯುತ್ತ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು ಚಪ್ಪಟೆಯಾಗಿ, ಸತ್ತು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುತ್ತವೆ. ಈ ಪಯಣಕ್ಕೆ ಸುಮಾರು ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಕೊಂಚ ಹೆಚ್ಚು ಕಾಲ ಹಿಡಿಯುತ್ತದೆ. ಒಂದೇ ಜಾಗದ ಮೇಲೆ ಒತ್ತಡವೂ ತಿಕ್ಕಾಟವೂ ಮೇಲಿಂದ ಮೇಲೆ ಬಿದ್ದಾಗ ಹುಟ್ಟುವ ಕೋಶಗಳು ಹೆಚ್ಚುತ್ತವೆ, ಉದುರುವುದು ಹಿಂದೆ ಬೀಳುತ್ತದೆ. ಪದರಿನ ಮೇಲೆ ಪದರು ಕೂಡಿ ದಡ್ಡು ಏಳುತ್ತದೆ. ಕೆಳಗಿನ ಮೃದುವಾದ ಭಾಗವನ್ನು ಕಾಯಲು ದೇಹ ಹೂಡಿದ ಉಪಾಯವಿದು. ಹಿಂಗಾರಿ ಜೋಳ ಕೀಳುವವನ ಅಂಗೈಯಲ್ಲಿ, ಸೊಲ್ಲಾಪುರದಲ್ಲಿ ಎಲೆ ಕತ್ತರಿಸಿ ಬೀಡಿ ಕಟ್ಟುವ ಹೆಣ್ಣುಮಗಳ ಬೆರಳಿನಲ್ಲಿ ಈ ಕವಚವಿಲ್ಲದಿದ್ದರೆ ಸಂಜೆಯ ಹೊತ್ತಿಗೆ ರಕ್ತ ಬರುವುದು. ಹಾಗೆ ನೋಡಿದರೆ ದಡ್ಡು ತಾನಾಗಿ ಜಡ್ಡಲ್ಲ.

ಇದೇ ಒತ್ತಡ ದಿನದಿಂದ ದಿನಕ್ಕೆ ನಿಧಾನವಾಗಿ ಬೀಳದೆ ಒಂದೇ ದಿನ ಬಿದ್ದರೆ ಚರ್ಮಕ್ಕೆ ಪದರು ಕೂಡಿಸುವ ವ್ಯವಧಾನ ಸಿಗುವುದಿಲ್ಲ. ಮೇಲಿನ ಪದರು ಕೆಳಗಿನದರಿಂದ ಬೇರ್ಪಟ್ಟು ನಡುವೆ ನೀರು ತುಂಬಿ ಬೊಬ್ಬೆ ಏಳುತ್ತದೆ. ವರ್ಷವಿಡೀ ಮೊಬೈಲಿನಲ್ಲಿ ಟಿಪ್ಪಣಿಯ ಚಿತ್ರ ತೆಗೆದಿಟ್ಟುಕೊಂಡು ಪರೀಕ್ಷೆಯ ವಾರದಲ್ಲಿ ಮಾತ್ರ ಪೆನ್ನು ಹಿಡಿಯುವವರ ಬೆರಳಿಗೆ ಬರುವ ಕಷ್ಟ ಸಾಮಾನ್ಯವಾಗಿ ಈ ಜಾತಿಯದು. ಅಂಥವರು ದಡ್ಡಿನ ವಿಚಾರ ಬಿಟ್ಟು ದಿನಕ್ಕೆರಡು ಪುಟವಾದರೂ ಬರೆಯುವ ರೂಢಿಯನ್ನು ಮೊದಲು ಮಾಡಿಕೊಳ್ಳಬೇಕು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಸಮಸ್ಯೆ ಹೆಚ್ಚಾಗಿ ಇದರ ವಿರುದ್ಧದ್ದು. ಗಡಿಯ ಈಚೆ ಇತಿಹಾಸ, ಅರ್ಥಶಾಸ್ತ್ರಗಳ ಮಾರ್ಗದರ್ಶಿಗಳು ಮರಾಠಿಯಲ್ಲಿ ಪೇಟೆಯ ಪ್ರತಿ ಅಂಗಡಿಯಲ್ಲೂ ತೂಗಾಡುತ್ತಿರುತ್ತವೆ. ಕನ್ನಡ ಪಠ್ಯ ಬೇಕಾದರೆ ಗ್ರಂಥಾಲಯದ ಪ್ರತಿಗಾಗಿ ಸರದಿ ಕಾಯಬೇಕು, ಇಲ್ಲವೇ ಯಾರಾದರೂ ವಿಜಯಪುರಕ್ಕೋ ಕಲಬುರ್ಗಿಗೋ ಹೋಗುವವರನ್ನು ಹಿಡಿಯಬೇಕು. ಆದ್ದರಿಂದ ಇಲ್ಲಿಯ ಕನ್ನಡ ವಿದ್ಯಾರ್ಥಿ ನಕಲು ಮಾಡಿಯೇ ಓದುತ್ತಾನೆ. ಪದ್ಯದ ಪಾಠ, ಅನ್ವಯ, ಭಾವಾರ್ಥ, ಛಂದಸ್ಸಿನ ಪ್ರಸ್ತಾರ, ವಿಮರ್ಶೆಯ ಟಿಪ್ಪಣಿ, ಎಲ್ಲವೂ ಕೈಬರಹ. ಪರೀಕ್ಷೆಯಲ್ಲಿ ಹತ್ತು ಹನ್ನೆರಡು ಪುಟ ದಾಟಿದ ಮೇಲೆ ಉತ್ತರಗಳು ಕುಗ್ಗತೊಡಗಿದರೆ ಅದು ವಿಷಯ ತಿಳಿಯದ್ದರಿಂದಲೇ ಎಂದು ಹೇಳಲಾಗದು. ಬೆರಳು ಒಲ್ಲೆ ಎಂದುದರಿಂದಲೂ ಇರಬಹುದು. ಉತ್ತರಪತ್ರಿಕೆ ನೋಡುವವರಿಗೆ ಈ ಎರಡರ ನಡುವಿನ ಭೇದ ಕಾಣುವುದಿಲ್ಲ.

ಹೆಚ್ಚು ಬರೆದುದರಿಂದ ದಡ್ಡು ಬಂತು ಎಂಬುದು ಎಲ್ಲರ ನಂಬಿಕೆ. ಅದು ಅರ್ಧ ಸತ್ಯ. ಸಾವಿರಾರು ಪುಟ ಬರೆದೂ ಬೆರಳು ಮೃದುವಾಗಿಯೇ ಉಳಿದವರಿದ್ದಾರೆ. ಒಂದು ನೋಟುಪುಸ್ತಕ ತುಂಬುವುದರೊಳಗೆ ಗಂಟು ಎಬ್ಬಿಸಿಕೊಂಡವರೂ ಇದ್ದಾರೆ. ಅಂತರವಿರುವುದು ಒತ್ತುವುದರಲ್ಲಿ. ಪೆನ್ನನ್ನು ಹೆಬ್ಬೆರಳು ಮತ್ತು ತೋರುಬೆರಳು ಎರಡು ಕಡೆಯಿಂದ ಹಿಡಿಯುತ್ತವೆ, ನಡುಬೆರಳಿನ ಮಗ್ಗುಲು ಕೆಳಗಿನಿಂದ ಹಲಗೆಯಂತೆ ಆತುಕೊಳ್ಳುತ್ತದೆ. ಮೇಲಿನ ಎರಡು ಬೆರಳುಗಳು ಎಷ್ಟು ಬಿಗಿದರೂ ಆ ಭಾರವೆಲ್ಲ ಬಂದು ಬೀಳುವುದು ಈ ಮೂರನೆಯದರ ಮೇಲೆ. ಅಲ್ಲಿ ಮಾಂಸ ಕಡಿಮೆ, ಎಲುಬು ಹತ್ತಿರ. ಪೆನ್ನು ತಗಲುವ ಜಾಗವೂ ಇಕ್ಕಟ್ಟಾದದ್ದು. ಅದೇ ಬಲ ಚಿಕ್ಕ ಜಾಗದ ಮೇಲೆ ಬಿದ್ದಷ್ಟೂ ಒತ್ತಡ ಹೆಚ್ಚು. ತೆಳ್ಳಗಿನ ಪೆನ್ನು ಅಥವಾ ಆರು ಮೂಲೆಯ ಪೆನ್ಸಿಲ್ಲು ಹೆಚ್ಚು ನೋಯಿಸುವುದು ಇದರಿಂದಲೇ.

ಇಷ್ಟು ಬಿಗಿಯಾಗಿ ಒತ್ತಲು ಕಲಿಸಿದವರು ಯಾರು ಎಂದರೆ, ಹೆಚ್ಚಿನ ಪಾಲು ಲೇಖನಿಗಳೇ. ಓಲೆಗರಿಯ ಮೇಲೆ ಬರೆಯುತ್ತಿದ್ದವರ ಕಂಟ ಕಬ್ಬಿಣದ್ದು. ಅದು ಮಸಿಯಿಂದ ಬರೆಯುತ್ತಿರಲಿಲ್ಲ, ಗೀರುತ್ತಿತ್ತು, ಮಸಿಯನ್ನು ಆಮೇಲೆ ಪೂಸುತ್ತಿದ್ದರು. ಗೀರಲು ಒತ್ತಲೇಬೇಕು. ಆದರೆ ಆ ಲಿಪಿಕಾರರು ಭಾರವನ್ನು ಒಂದೇ ಕೈಗೆ ಬಿಡಲಿಲ್ಲ: ಓಲೆಯನ್ನು ಹಿಡಿದ ಎಡಗೈಯ ಹೆಬ್ಬೆರಳು ಕಂಟಕ್ಕೆ ಆಸರೆ ಕೊಡುತ್ತಿತ್ತು, ಕೆಲವರು ಆ ಉಗುರಿನಲ್ಲಿ ಕಂಟ ಕೂರುವಂತೆ ಕಚ್ಚು ಮಾಡಿಕೊಳ್ಳುತ್ತಿದ್ದರು. ಹಸ್ತಪ್ರತಿಗಳ ಕೊನೆಗೆ ಲಿಪಿಕಾರರು ಸೇರಿಸುತ್ತಿದ್ದ ಪ್ರಸಿದ್ಧ ಸಂಸ್ಕೃತ ಶ್ಲೋಕವೊಂದರಲ್ಲಿ ಬೆನ್ನು, ಸೊಂಟ, ಕತ್ತು, ಕಣ್ಣುಗಳ ದೂರು ಇದೆ. ಬೆರಳಿನ ದೂರು ಇಲ್ಲ. ಹಸ್ತಪ್ರತಿಶಾಸ್ತ್ರ ಓದುವವರು ಇದನ್ನು ಗಮನಿಸಬಹುದು.

ಕಾಗದ ಬಂದ ಮೇಲೆ ಮರಾಠಿ ಸೀಮೆಯಲ್ಲಿ ಬೋರು ಎಂಬ ಲಾಳದ ಲೇಖನಿ ಬಳಕೆಯಲ್ಲಿತ್ತು. ಲಾಳದ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಸೀಳಿದರೆ ಮಸಿ ತಾನೇ ಇಳಿಯುತ್ತದೆ. ಒತ್ತಿದರೆ ತುದಿ ಮುರಿಯುತ್ತದೆ. ಒತ್ತಬಾರದೆಂದು ಗುರುಗಳು ಹೇಳಬೇಕಾದ ಕಾರಣವೇ ಇರಲಿಲ್ಲ. ಕೈ ಎತ್ತದೆ ಓಡುವ ಮೋಡಿ ಲಿಪಿಯ ದಫ್ತರಗಳು ಇಂಥ ಹಗುರ ಕೈಯವು. ಆಮೇಲೆ ಮಕ್ಕಳ ಕೈಗೆ ಪಾಟಿ ಬಂತು, ಬಳಪ ಬಂತು. ಬಳಪ ಗಟ್ಟಿ, ಪಾಟಿಯೂ ಗಟ್ಟಿ. ಬಿಳಿ ಗೆರೆ ಮೂಡಬೇಕಾದರೆ ಒತ್ತಬೇಕು, ಬಳಪ ಸವೆದು ಮೋಟಾದಂತೆ ಇನ್ನಷ್ಟು ಬಿಗಿಹಿಡಿಯಬೇಕು. ಬಿಗಿಹಿಡಿತ ಅಲ್ಲಿಯೇ ರೂಢಿಯಾಗಿ ಪೆನ್ಸಿಲ್ಲಿಗೆ, ಅಲ್ಲಿಂದ ಬಾಲ್‌ಪೆನ್ನಿಗೆ ಸಾಗಿ ಬರುತ್ತದೆ.

ಹಂಗೇರಿಯ ಪತ್ರಕರ್ತ ಲಾಸ್ಲೋ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನು ಜಗತ್ತಿನ ಬರಹವನ್ನು ಅಗ್ಗ ಮಾಡಿತು, ಮಸಿಯ ಕಲೆಯಿಂದ ಅಂಗಿಗಳನ್ನು ಉಳಿಸಿತು. ಅದರ ಋಣ ದೊಡ್ಡದು. ಆದರೆ ಅದರ ಮಸಿ ಎಣ್ಣೆಯಂಥದು, ಮಂದವಾದದ್ದು. ತುದಿಯ ಚಿಕ್ಕ ಗುಂಡು ಕಾಗದದ ಮೇಲೆ ಉರುಳಿದರೆ ಮಾತ್ರ ಮಸಿ ಬರುತ್ತದೆ, ಗುಂಡು ಉರುಳಬೇಕಾದರೆ ಒತ್ತಬೇಕು, ಒತ್ತಲು ಪೆನ್ನನ್ನು ನೆಟ್ಟಗೆ ಹಿಡಿಯಬೇಕು. ನಿಬ್ಬಿನ ಮಸಿ ಪೆನ್ನಿನಲ್ಲಿ ಮಸಿ ಕಾಗದವನ್ನು ಮುಟ್ಟಿದ ಮಾತ್ರಕ್ಕೆ ಹರಿಯುತ್ತದೆ, ಪೆನ್ನನ್ನು ಓರೆಯಾಗಿ ಮಲಗಿಸಿಯೂ ಬರೆಯಬಹುದು. 1984ರಲ್ಲಿ ಜಪಾನಿನ ಸಕುರಾ ಕಂಪನಿ ಹೊರತಂದ ಜೆಲ್ ಮಸಿ ಇವೆರಡರ ನಡುವಿನದು: ನಿಂತಾಗ ಮಂದ, ಗುಂಡು ಉರುಳಿದೊಡನೆ ತೆಳು. ಬೆರಳು ನೋಯುವ ವಿದ್ಯಾರ್ಥಿ ಮೊದಲು ಬದಲಿಸಬೇಕಾದದ್ದು ಪೆನ್ನನ್ನು. ಜೆಲ್ ಪೆನ್ನೋ ಮಸಿ ಪೆನ್ನೋ ಎಂಬುದು ಜೇಬನ್ನೂ ಕಾಗದವನ್ನೂ ನೋಡಿ ನಿರ್ಧರಿಸುವ ವಿಚಾರ; ತೆಳ್ಳನೆಯ ಅಗ್ಗದ ಕಾಗದದಲ್ಲಿ ಎರಡೂ ಹಿಂಬದಿಗೆ ಇಳಿಯುವ ಸಂಭವವಿದೆ. ಪರೀಕ್ಷೆಯ ದಿನ ಹೊಸ ಪೆನ್ನನ್ನು ಮೊದಲ ಸಲ ಹಿಡಿಯುವುದು ಮಾತ್ರ ಸಲ್ಲದು. ಕನಿಷ್ಠ ಒಂದು ತಿಂಗಳು ಮುಂಚಿನಿಂದ ಕೈ ಅದಕ್ಕೆ ಹೊಂದಿರಬೇಕು.

ತಾನು ಒತ್ತುತ್ತಿದ್ದೇನೆಯೇ ಇಲ್ಲವೇ ಎಂಬುದು ಬರೆಯುವವನಿಗೆ ತಿಳಿಯುವುದಿಲ್ಲ, ಅದು ಉಸಿರಾಟದಂತೆ ರೂಢಿಯಾಗಿರುತ್ತದೆ. ತಿಳಿಯಲು ಸುಲಭ ದಾರಿಗಳಿವೆ. ಬರೆದ ಹಾಳೆಯನ್ನು ತಿರುವಿ ಹಿಂಬದಿಯನ್ನು ಬೆರಳಿನಿಂದ ಸವರಬೇಕು. ಅಕ್ಷರಗಳು ಕೈಗೆ ತಗಲಿದರೆ, ಅಥವಾ ಮುಂದಿನ ಹಾಳೆಯ ಮೇಲೂ ಅಚ್ಚು ಕಂಡರೆ, ಒತ್ತುವಿಕೆ ಅತಿಯಾಗಿದೆ. ಬರೆಯುತ್ತಿರುವಾಗ ತೋರುಬೆರಳಿನ ಉಗುರನ್ನು ನೋಡಬೇಕು. ಅದು ಬಿಳಿಚಿಕೊಂಡಿದ್ದರೆ, ಅಥವಾ ಆ ಬೆರಳಿನ ತುದಿಯ ಗಿಣ್ಣು ಒಳಕ್ಕೆ ಕುಸಿದಂತೆ ಬಾಗಿದ್ದರೆ, ಹಿಡಿತ ಬಿಗಿ. ಗೆಳೆಯರು ಹಿಂದಿನಿಂದ ಬಂದು ಪೆನ್ನನ್ನು ಮೆಲ್ಲಗೆ ಎಳೆದರೆ ಅದು ಜಾರಿ ಬರಬೇಕು; ಕೈಯೂ ಜೊತೆಗೆ ಬಂದರೆ ಬಿಗಿತ ಅಷ್ಟಿದೆ ಎಂದರ್ಥ. ಈ ಮೂರನೆಯ ಪರೀಕ್ಷೆಯನ್ನು ತರಗತಿ ನಡೆಯುವಾಗ ಮಾಡದಿರುವುದು ಲೇಸು.

ಹಿಡಿತವನ್ನು ಸಡಿಲಿಸಲು ಪೆನ್ನಿನ ದಪ್ಪ ನೆರವಾಗುತ್ತದೆ. ಸಾಮಾನ್ಯ ಬಾಲ್‌ಪೆನ್ನು ಏಳೆಂಟು ಮಿಲಿಮೀಟರ್ ದಪ್ಪವಿರುತ್ತದೆ. ಹಿಡಿಯುವ ಜಾಗಕ್ಕೆ ಮೆತ್ತನೆಯ ರಬ್ಬರಿನ ತೊಡಿಕೆ ಸೇರಿಸಿದರೆ ಅದು ದಪ್ಪವೂ ಆಗುತ್ತದೆ, ಜಾರುವುದೂ ನಿಲ್ಲುತ್ತದೆ. ಜಾರದ ಪೆನ್ನನ್ನು ಬಿಗಿಯಬೇಕಾಗಿಲ್ಲ. ಅಂಗಡಿಯ ತೊಡಿಕೆ ಸಿಗದಿದ್ದರೆ ಹತ್ತಿಬಟ್ಟೆಯ ಪಟ್ಟಿಯನ್ನು ಎರಡು ಮೂರು ಸುತ್ತು ಸುತ್ತಿ ಅಂಟಿಸಿದರೂ ನಡೆಯುತ್ತದೆ. ಬೆವರಿನ ಕೈಯವರಿಗೆ ರಬ್ಬರಿಗಿಂತ ಬಟ್ಟೆಯೇ ಹಿತ. ಒಂದು ಹಾಳೆಯನ್ನು ಗಟ್ಟಿ ಹಲಗೆಯ ಮೇಲಿಟ್ಟು ಬರೆಯುವುದಕ್ಕಿಂತ ಕೆಳಗೆ ನಾಲ್ಕಾರು ಹಾಳೆ ಇಟ್ಟುಕೊಂಡರೆ ಪೆನ್ನು ಮೃದುವಾಗಿ ಓಡುತ್ತದೆ. ಉತ್ತರಪತ್ರಿಕೆ ತಾನೇ ದಪ್ಪ ಇರುವುದರಿಂದ ಅಲ್ಲಿ ಈ ಚಿಂತೆ ಇಲ್ಲ, ಪುರವಣಿ ಹಾಳೆಗಳಲ್ಲಿ ಇದೆ.

ಎರಡು ಲಿಪಿಗಳಲ್ಲಿ ಬರೆಯುವವರಿಗೆ ಇನ್ನೊಂದು ಮಾತು ಹೇಳಬೇಕಾಗಿದೆ, ಏಕೆಂದರೆ ಈ ಭಾಗದ ವಿದ್ಯಾರ್ಥಿಗಳು ಬೆಳಗ್ಗೆ ಕನ್ನಡವನ್ನೂ ಮಧ್ಯಾಹ್ನ ಮರಾಠಿಯನ್ನೂ ಬರೆಯುವವರು. ದೇವನಾಗರಿಯಲ್ಲಿ ನೆಟ್ಟನೆಯ ಗೆರೆಗಳಿವೆ, ಮೇಲೆ ಶಿರೋರೇಖೆಯ ಅಡ್ಡಗೆರೆ ಇದೆ. ಕೈ ಎಳೆಯುತ್ತದೆ, ನಿಲ್ಲುತ್ತದೆ. ಕನ್ನಡ ಅಕ್ಷರ ಸುತ್ತುತ್ತದೆ. ಅ, ಈ, ಮ, ಯ, ಳ, ಝ ಇವುಗಳಲ್ಲಿ ಪೆನ್ನು ದಿಕ್ಕು ಬದಲಿಸುತ್ತಲೇ ಇರಬೇಕು, ಅದರ ಮೇಲೆ ತಲೆಕಟ್ಟು, ಕೆಳಗೆ ಇಳಿದು ಒತ್ತಕ್ಷರ. ಈ ಸುತ್ತುಗಳನ್ನೆಲ್ಲ ಬೆರಳುಗಳಷ್ಟರಿಂದಲೇ ಬಿಡಿಸುವವರು ಬೇಗ ದಣಿಯುತ್ತಾರೆ. ಮಣಿಕಟ್ಟು ಮತ್ತು ಮುಂಗೈಯನ್ನು ಮೇಜಿನ ಮೇಲೆ ಹಗುರವಾಗಿ ಊರಿ, ಸಾಲಿನುದ್ದಕ್ಕೂ ಅವು ಸರಿಯುವಂತೆ ಬಿಟ್ಟರೆ ಬೆರಳಿಗೆ ಉಳಿಯುವ ಕೆಲಸ ಕಡಿಮೆ. ಅಕ್ಷರಗಳನ್ನು ಸಾಸಿವೆಯಂತೆ ಕಿರಿದಾಗಿ ಬರೆಯುವುದೂ ಬೆರಳಿಗೆ ಭಾರ. ಸಾಲಿನ ಎತ್ತರದ ಅರ್ಧಕ್ಕಿಂತ ಹೆಚ್ಚು ತುಂಬುವಷ್ಟು ದೊಡ್ಡದಾಗಿ ಬರೆದರೆ ಕೈಗೂ ಒಳ್ಳೆಯದು, ಓದುವವರ ಕಣ್ಣಿಗೂ ಒಳ್ಳೆಯದು. ಕೆಲವರು ತಲೆಕಟ್ಟನ್ನು ಶಿರೋರೇಖೆಯಂತೆ ಒತ್ತಿ ಗೀಚುತ್ತಾರೆ. ಮರಾಠಿ ಕೈಯ ಈ ಗುರುತು ಕನ್ನಡಕ್ಕೆ ಬೇಕಾಗಿಲ್ಲ. ತಲೆಕಟ್ಟು ಹಿಂದಿನ ಸುತ್ತಿನ ಮುಂದುವರಿಕೆಯಾಗಿ ಹೊರಟರೆ ಸಾಕು.

ಅವಸರ ಬಂದಾಗ ಕೈ ಬಿಗಿಯುತ್ತದೆ, ಇದಕ್ಕೆ ಯಾವ ಪೆನ್ನೂ ಅಡ್ಡಬರಲಾರದು. ಪುಟ ಮುಗಿದಾಗಲೆಲ್ಲ ಪೆನ್ನನ್ನು ಕೆಳಗಿಟ್ಟು, ಬೆರಳುಗಳನ್ನು ಪೂರ್ತಿ ಬಿಡಿಸಿ, ಎರಡು ಉಸಿರು ಎಳೆದುಕೊಂಡು ಮತ್ತೆ ಹಿಡಿಯುವವರು ಕಳೆದುಕೊಳ್ಳುವುದು ಇಡೀ ಪರೀಕ್ಷೆಯಲ್ಲಿ ಎರಡು ಮೂರು ನಿಮಿಷ ಮಾತ್ರ. ದೀರ್ಘ ಬರಹದ ದಿನ ದಡ್ಡಿನ ಮೇಲೆ ಬಟ್ಟೆಯ ಅಂಟುಪಟ್ಟಿಯನ್ನು ಒಂದು ಸುತ್ತು ಹಾಕಿಕೊಳ್ಳಬಹುದು. ಬಿಗಿಯಾಗಿ ಸುತ್ತಬಾರದು, ಬೆರಳ ತುದಿ ನೀಲಿಗಟ್ಟಬಾರದು.

ಇನ್ನು ಈಗಾಗಲೇ ಎದ್ದಿರುವ ದಡ್ಡಿನ ಆರೈಕೆ. ರಾತ್ರಿ, ಬರಹವೆಲ್ಲ ಮುಗಿದ ಮೇಲೆ, ಬೆರಳನ್ನು ಐದರಿಂದ ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ಇಡಬೇಕು. ತೊಗಲು ಮೆತ್ತಗಾದಾಗ ಹಿಮ್ಮಡಿ ತಿಕ್ಕುವ ಜ್ವಾಲಾಮುಖಿ ಕಲ್ಲಿನಿಂದ, ಇಲ್ಲವೇ ಉಗುರಿನ ನುಣ್ಣನೆ ಅರದಿಂದ, ಹಗುರವಾಗಿ ನಾಲ್ಕೈದು ಸಲ ತಿಕ್ಕಬೇಕು. ಒಂದೇ ದಿನ ಎಲ್ಲ ತೆಗೆಯುವ ಹಠ ಬೇಡ. ಮೇಲಿನ ಒಂದು ಪದರು ಹೋದರೆ ಆ ದಿನಕ್ಕೆ ಸಾಕು. ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಮಲಗಬೇಕು. ಔಷಧದ ಅಂಗಡಿಯಲ್ಲಿ ಸಿಗುವ ಯೂರಿಯಾ ಬೆರೆತ ಮುಲಾಮು ಇನ್ನೂ ಉತ್ತಮ, ಅದು ದಪ್ಪ ತೊಗಲಿನಲ್ಲಿ ತೇವವನ್ನು ಹಿಡಿದಿಟ್ಟು ಸಡಿಲಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಈ ತಿಕ್ಕುವಿಕೆಯನ್ನು ಬಿಡಬೇಕು: ಹೊಸದಾಗಿ ತೆರೆದ ಮೆತ್ತನೆಯ ತೊಗಲು ಮೂರು ತಾಸಿನ ತಿಕ್ಕಾಟವನ್ನು ತಾಳದೆ ಬೊಬ್ಬೆ ಏಳುವುದು. ಬೇಸಾಯದ ಮನೆಯ ವಿದ್ಯಾರ್ಥಿಗಳು ಅಂಗೈಯ ದಡ್ಡುಗಳನ್ನೂ ಇದರೊಂದಿಗೆ ತಿಕ್ಕಿ ತೆಗೆಯಬಾರದು. ಮಾಘದ ಸುಗ್ಗಿಯಲ್ಲಿ ಜೋಳ ಕೀಳಲು ಹೋಗುವವರಿಗೆ ಅವು ಬೇಕು. ಒಡೆದು ಬಿರಿಯದಂತೆ ಎಣ್ಣೆ ಹಚ್ಚಿದರೆ ಸಾಕು.

ಬ್ಲೇಡು, ಉಗುರುಕತ್ತರಿ, ಹಲ್ಲು, ಈ ಮೂರನ್ನೂ ದಡ್ಡಿನ ಹತ್ತಿರಕ್ಕೆ ತರಬಾರದು. ಸತ್ತ ತೊಗಲು ಎಲ್ಲಿ ಮುಗಿದು ಜೀವಂತ ತೊಗಲು ಎಲ್ಲಿ ಮೊದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುವಂಥದಲ್ಲ. ಒಂದು ಕೂದಲೆಳೆ ಆಳಕ್ಕೆ ಹೋದರೆ ಗಾಯ, ಗಾಯದಲ್ಲಿ ಕೀವು, ಬರೆಯುವ ಕೈಗೆ ಕಟ್ಟು. ಆಣಿಗೆ ಹಚ್ಚುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಗಳು ದಡ್ಡನ್ನು ಕರಗಿಸುತ್ತವೆ ನಿಜ, ಅಕ್ಕಪಕ್ಕದ ಒಳ್ಳೆಯ ತೊಗಲನ್ನೂ ಸುಡಬಲ್ಲವು. ಸಕ್ಕರೆ ಕಾಯಿಲೆ ಇರುವವರು ಅವನ್ನು ವೈದ್ಯರನ್ನು ಕೇಳದೆ ಮುಟ್ಟಕೂಡದು.

ಗಂಟುಗಳೆಲ್ಲ ದಡ್ಡುಗಳಲ್ಲ. ದಡ್ಡಿನ ಮೇಲೆ ಬೆರಳಿನ ಸಹಜ ಗೆರೆಗಳು ಮುಂದುವರಿದಿರುತ್ತವೆ. ನರುಲಿಯ ಮೇಲೆ ಅವು ಕಡಿದುಹೋಗಿರುತ್ತವೆ, ಒಳಗೆ ಕಪ್ಪು ಚುಕ್ಕೆಗಳೂ ಕಾಣಬಹುದು. ನರುಲಿ ಸೋಂಕಿನಿಂದ ಬರುವುದು, ತಿಕ್ಕಿದರೆ ಹಬ್ಬುವುದು. ಗಂಟು ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಇದ್ದರೆ, ವಾರಗಟ್ಟಲೆ ಬರೆಯದಿದ್ದರೂ ನೋವು ಇಳಿಯದಿದ್ದರೆ ಚರ್ಮವೈದ್ಯರ ಬಳಿ ಹೋಗಬೇಕು. ಬೆರಳು ಜೋಮು ಹಿಡಿಯುವುದು, ಪೆನ್ನು ಹಿಡಿದೊಡನೆ ಕೈ ತಾನೇ ತಿರುಚಿಕೊಳ್ಳುವುದು, ಇವು ತೊಗಲಿನ ದೋಷಗಳಲ್ಲ, ನರಗಳಿಗೆ ಸಂಬಂಧಿಸಿದವು. ಇವನ್ನು ಪರೀಕ್ಷೆ ಮುಗಿಯಲಿ ಎಂದು ಮುಂದೂಡಬಾರದು.

ಒತ್ತಡ ನಿಂತರೆ ದಡ್ಡು ತಾನಾಗಿಯೇ ಇಳಿಯತೊಡಗುತ್ತದೆ. ತೊಗಲು ಹೊಸದಾಗಲು ಬೇಕಾದ ಕಾಲವೇ ಅದಕ್ಕೂ ಬೇಕು, ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಹೆಚ್ಚಿನವರ ಬೆರಳು ಸಮವಾಗುತ್ತ ಬರುತ್ತದೆ. ಜೂನ್‌ನಲ್ಲಿ ಹೊಸ ವರ್ಷದ ಟಿಪ್ಪಣಿಗಳು ಆರಂಭವಾಗಿ ದಸರೆಯ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಗಾತ್ರದ ಗಂಟು ಮತ್ತೆ ಎದ್ದಿದ್ದರೆ ಬದಲಾದದ್ದು ಪೆನ್ನು ಮಾತ್ರ, ಹಿಡಿತವಲ್ಲ. ಆಗ ಹಾಳೆಯ ಹಿಂಬದಿಯನ್ನು ಇನ್ನೊಮ್ಮೆ ಸವರಿ ನೋಡಬೇಕು.